ಹುಬ್ಬಳ್ಳಿಯಿಂದ ನಾಶಿಕ್‌ಗೆ ಕಾರಲ್ಲಿ: ದ್ರಾಕ್ಷಿ ಕೊಯ್ಲಿನ ಹೊತ್ತಲ್ಲಿ ಚಿಗವ್ವನ ಮನೆಗೆ ಹೋಗಬಹುದಾ?

ನವನಗರ ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರ ಅವ್ವನನ್ನು ಕರೆದುಕೊಂಡು ಕಾರಲ್ಲಿ ನಾಶಿಕ್ ಕಡೆ ಹೊರಡಬೇಕು ಅಂತ ಇದ್ದೇವೆ. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಅವ್ವ. ಅವ್ವನ ತಂಗಿ, ಅಂದರೆ ನಮ್ಮ ಚಿಗವ್ವ, ದಿಂಡೋರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಕಾಕಾನ ಮನೆತನ ಸೊಲ್ಲಾಪುರ ಕಡೆಯ ಕನ್ನಡದವರು. ಹಿಂದೆ ಅಲ್ಲಿ ಹೊಲ ಹಿಡಿದು ಅಲ್ಲೇ ನೆಲೆಯಾದರು. ಈಗ ತೋಟದಲ್ಲಿ ಅರ್ಧ ತಿನ್ನುವ ದ್ರಾಕ್ಷಿ, ಇನ್ನರ್ಧ ವೈನ್ ಕಂಪನಿಗೆ ಕೊಡುವ ದ್ರಾಕ್ಷಿ. ಅಕ್ಕ ತಂಗಿ ಎದುರುಬದುರು ಕೂತು ಮಾತಾಡಿ ಬಹಳ ವರ್ಷ ಆಯಿತು. ಫೋನಲ್ಲಿ ದಿನಾ ಮಾತಾಡುತ್ತಾರೆ, ಆದರೆ ಅದು ಬೇರೆ ಅಲ್ವಾ. ಅವ್ವ ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗಲೇ ಒಮ್ಮೆ ಕರೆದುಕೊಂಡು ಹೋಗಿ ಬರಬೇಕು ಅನ್ನೋದು ನನ್ನ ಆಸೆ.

ಕೇಳಬೇಕಾದ್ದು ಮೂರ್ನಾಲ್ಕು ಇದೆ. ಮೊದಲು ದಾರಿ. ಎಲ್ಲರೂ ಪುಣೆ ಮೇಲೆ ಹೋಗು ಅನ್ನುತ್ತಾರೆ. ಆದರೆ ಅವ್ವನಿಗೆ ಒಂದೇ ದಿನ ಅಷ್ಟು ದೂರ ಕೂರಲು ಆಗುವುದಿಲ್ಲ, ಮಧ್ಯೆ ಒಂದು ರಾತ್ರಿ ಎಲ್ಲಿ ನಿಲ್ಲಬೇಕು? ಎರಡನೆಯದು, ಆ ಹೊತ್ತಿಗೆ ಅಲ್ಲಿ ಕೊಯ್ಲು ಶುರುವಾಗಿರುತ್ತದಂತೆ. ಚಿಗವ್ವನನ್ನು ಕೇಳಿದರೆ "ಯಾವಾಗ ಬೇಕಾದ್ರೂ ಬರ್ರಿ, ನಿಮ್ಮನಿ ಐತಿ" ಅನ್ನುತ್ತಾಳೆ. ಅವಳು ಬೇರೆ ಏನು ಹೇಳಿಯಾಳು? ನಾವು ಐದು ಜನ ಹೋಗಿ ಅವರ ಕೆಲಸಕ್ಕೆ ಅಡ್ಡ ಆಗಬಾರದು. ಮೂರನೆಯದು ಸ್ವಲ್ಪ ಸೂಕ್ಷ್ಮ. ಅವ್ವ ಲಿಂಗಪೂಜೆ ಆಗದೆ ನೀರು ಮುಟ್ಟುವವಳಲ್ಲ. "ತಂಗಿ ಮನಿಗೆ ಬರ್ತೀನಿ, ಆ ವೈನ್ ಫ್ಯಾಕ್ಟರಿ ಕಡೆ ಮಾತ್ರ ನನ್ನ ಕರೀಬ್ಯಾಡ" ಅಂತ ಈಗಲೇ ಹೇಳಿದ್ದಾಳೆ. ನನಗೂ ಹೆಂಡತಿಗೂ ಒಮ್ಮೆ ನೋಡುವ ಆಸೆ ಇದೆ. ಅವ್ವನನ್ನು ಬಿಟ್ಟು ಹೋದರೆ ಅವಳಿಗೆ ಬೇಜಾರು, ಹೋಗದಿದ್ದರೆ ಕಾಕಾನ ಮಗನಿಗೆ ಬೇಜಾರು, ಯಾಕಂದರೆ ಅವನು ತಾನೇ ತೋರಿಸುತ್ತೇನೆ ಅಂತ ಹುಮ್ಮಸ್ಸಿನಲ್ಲಿದ್ದಾನೆ. ಇದನ್ನು ಹೇಗೆ ನಿಭಾಯಿಸಬೇಕು?

ಮತ್ತೆ, ಇಲ್ಲಿಂದ ಏನು ಒಯ್ಯಬೇಕು ಅಂತ ಗೊತ್ತಿದ್ದವರು ಹೇಳಿ. ಪೇಢೆ ಅಂತೂ ಇದ್ದೇ ಇದೆ.


ಗದಗಿನಿಂದ ನಾಶಿಕ್‌ಗೆ:

ನಾನು ಗದಗಿನವನು, ಕೆಲಸದ ಸಲುವಾಗಿ ನಾಶಿಕ್‌ನಲ್ಲಿದ್ದೇನೆ. ನಮ್ಮ ಆಫೀಸಿನ ಅರ್ಧ ಜನ ದಿಂಡೋರಿ, ನಿಫಾಡ, ಪಿಂಪಳಗಾಂವ್ ಕಡೆಯ ದ್ರಾಕ್ಷಿ ಮನೆತನದವರು. ಅದಕ್ಕೇ ಕೊಯ್ಲಿನ ವಿಷಯ ಮೊದಲು ಹೇಳಿಬಿಡುತ್ತೇನೆ.

ತಿನ್ನುವ ದ್ರಾಕ್ಷಿ ಮತ್ತು ವೈನ್ ದ್ರಾಕ್ಷಿ ಕೊಯ್ಲು ಒಂದೇ ಥರ ಅಲ್ಲ. ತಿನ್ನುವುದನ್ನು ವ್ಯಾಪಾರಿ ಬಂದು ನೋಡಿ, ದರ ಮಾತಾಡಿ, ತನ್ನ ಆಳುಗಳನ್ನು ಕರೆತಂದು ಕೊಯ್ಯಿಸುತ್ತಾನೆ. ವೈನ್ ದ್ರಾಕ್ಷಿಯ ದಿನ ರೈತನ ಕೈಯಲ್ಲಿ ಇರುವುದಿಲ್ಲ. ಕಂಪನಿಯವರು ಬಂದು ಹಣ್ಣಿನ ಸಕ್ಕರೆ ಅಳೆಯುತ್ತಾರೆ, ಅದಕ್ಕೆ ಬ್ರಿಕ್ಸ್ ಅನ್ನುತ್ತಾರೆ, ಹುಳಿ ಎಷ್ಟಿದೆ ಅಂತ ನೋಡುತ್ತಾರೆ, ಆಮೇಲೆ ಇಂಥಾ ದಿನ ಕೊಯ್ಯಿರಿ ಅಂತ ಹೇಳುತ್ತಾರೆ. ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ವೈನ್‌ಗೆ ಸಕ್ಕರೆ ಕಮ್ಮಿ ಇರುವಾಗಲೇ, ಹುಳಿ ಇನ್ನೂ ಜಾಸ್ತಿ ಇರುವಾಗಲೇ ಕೊಯ್ಯುತ್ತಾರೆ. ಅದು ಎಲ್ಲಕ್ಕಿಂತ ಮೊದಲು. ಆಮೇಲೆ ಸೋವಿನ್ಯೊ ಬ್ಲಾಂ, ಶೆನಿನ್ ಬ್ಲಾಂ ಅನ್ನುವ ಬಿಳಿ ಜಾತಿಗಳು ಜನವರಿ, ಫೆಬ್ರವರಿಯಲ್ಲಿ. ಶಿರಾಜ್, ಕ್ಯಾಬರ್ನೆ ಥರದ ಕೆಂಪು ಜಾತಿಗಳು ಫೆಬ್ರವರಿಯಿಂದ ಮಾರ್ಚ್ ತನಕ. ಹಾಗಾಗಿ ನಿಮ್ಮ ಕಾಕಾನ ಮಗನನ್ನು "ಯಾವಾಗ ಬರಲಿ" ಅಂತ ಕೇಳಬೇಡಿ, "ಯಾವ ಜಾತಿ ಹಾಕಿದ್ದೀರಿ, ಕಂಪನಿಯವರು ಯಾವ ವಾರ ಅಂದಿದ್ದಾರೆ" ಅಂತ ಕೇಳಿ. ಆಗ ಸರಿಯಾದ ಉತ್ತರ ಸಿಗುತ್ತದೆ.

ಕೊಯ್ಲಿನ ದಿನ ಅವರು ಬಿಸಿಲು ಏರುವ ಮೊದಲೇ ಕೆಲಸ ಮುಗಿಸಬೇಕು. ಹಣ್ಣು ಬಿಸಿಯಾದರೆ ಕ್ರೇಟಿನಲ್ಲೇ ರಸ ಒಡೆದು ಹುಳಿಯಲು ಶುರುವಾಗುತ್ತದೆ. ಅದಕ್ಕೇ ನಸುಕಿನಲ್ಲಿ ತಲೆಗೆ ಬ್ಯಾಟರಿ ಕಟ್ಟಿಕೊಂಡು ಕೊಯ್ಯುವುದೂ ಇದೆ. ಮಧ್ಯಾಹ್ನದ ಹೊತ್ತಿಗೆ ಗಾಡಿ ಕಂಪನಿ ಗೇಟಿನಲ್ಲಿ ಸಾಲಲ್ಲಿ ನಿಂತಿರುತ್ತದೆ. ಆ ಒಂದು ದಿನ ಬಿಟ್ಟು ಉಳಿದ ದಿನ ಹೋದರೆ ನೀವು ಯಾರಿಗೂ ಭಾರ ಆಗುವುದಿಲ್ಲ. ಆದರೆ ಸಾಧ್ಯವಿದ್ದರೆ ಆ ದಿನವೇ ಮಕ್ಕಳನ್ನು ನಸುಕಿನಲ್ಲಿ ಎಬ್ಬಿಸಿ ತೋಟಕ್ಕೆ ಕರೆದುಕೊಂಡು ಹೋಗಿ, ಒಂದು ಬದಿಗೆ ನಿಂತು ನೋಡಲಿ. ಅದನ್ನು ಯಾವ ಟೂರಿಸ್ಟ್ ಪ್ಯಾಕೇಜಿನಲ್ಲೂ ಅಷ್ಟು ಹತ್ತಿರದಿಂದ ತೋರಿಸುವುದಿಲ್ಲ.

ಇನ್ನೊಂದು ಮಾತು, ಸ್ವೆಟರ್ ತನ್ನಿ. ಹುಬ್ಬಳ್ಳಿ ಚಳಿ ಅಂದುಕೊಂಡು ಬರಬೇಡಿ. ನಿಫಾಡ, ದಿಂಡೋರಿ ಕಡೆ ಜನವರಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಮಾಮೂಲು. ಅವ್ವನಿಗೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ ಎರಡೂ ಇರಲಿ.


ಹಾವೇರಿ ಹೈವೇ:

ದಾರಿ ಬಗ್ಗೆ ನಾನು ಹೇಳುತ್ತೇನೆ, ಎರಡೂ ಕಡೆಯಿಂದ ಓಡಿಸಿದ್ದೇನೆ.

ಪುಣೆ ದಾರಿ ನಿಮಗೆ ಗೊತ್ತೇ ಇದೆ. ಧಾರವಾಡ, ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ, ಕರಾಡ, ಸಾತಾರಾ, ಪುಣೆ. ಹುಬ್ಬಳ್ಳಿಯಿಂದ ಪುಣೆ ಸುಮಾರು 430 ಕಿ.ಮೀ., ಅಲ್ಲಿಂದ ಚಾಕಣ, ನಾರಾಯಣಗಾಂವ್, ಸಂಗಮನೇರ, ಸಿನ್ನರ ಮೇಲೆ ನಾಶಿಕ್ ಇನ್ನೊಂದು 210. ರಸ್ತೆ ದೊಡ್ಡದು, ಊಟ ತಿಂಡಿಗೆ ತೊಂದರೆ ಇಲ್ಲ, ಹೆಂಗಸರಿಗೆ ಒಳ್ಳೆಯ ಶೌಚಾಲಯ ಸಿಗುತ್ತವೆ. ಕಷ್ಟ ಅಂದರೆ ಪುಣೆ. ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಬ್ರಿಡ್ಜ್ ತನಕ ಉದ್ದಕ್ಕೂ ಇಳಿಜಾರು. ಅಲ್ಲಿ ಬ್ರೇಕ್ ಹೋದ ಲಾರಿಗಳಿಂದ ಎಷ್ಟೋ ಅಪಘಾತ ಆಗಿವೆ. ಎಡಕ್ಕೆ ನಿಧಾನವಾಗಿ ಹೋಗಿ, ಲಾರಿ ಮುಂದೆ ನಿಲ್ಲಬೇಡಿ. ಚಾಕಣ ಫ್ಯಾಕ್ಟರಿಗಳ ಊರು, ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಸಿಕ್ಕಿಕೊಂಡರೆ ಅಲ್ಲೇ ಗಂಟೆಗಟ್ಟಲೆ. ಈ ದಾರಿಯಲ್ಲಿ ಹೋದರೆ ರಾತ್ರಿ ಸಾತಾರಾದಲ್ಲೇ ನಿಂತು, ಬೆಳಿಗ್ಗೆ ಬೇಗ ಎದ್ದು ಖಂಬಾಟ್ಕಿ ಸುರಂಗ ದಾಟಿ, ಜನ ಆಫೀಸಿಗೆ ಹೊರಡುವ ಮೊದಲೇ ಪುಣೆ ಬೈಪಾಸ್ ಮುಗಿಸಿಬಿಡಿ.

ಆದರೆ ಅವ್ವ ಜೊತೆಗಿದ್ದಾಳೆ ಅಂದಿರಲ್ಲ, ನನ್ನ ಮನಸ್ಸು ಇನ್ನೊಂದು ದಾರಿ ಕಡೆಗಿದೆ. ನವಲಗುಂದ, ನರಗುಂದ, ಕುಳಗೇರಿ ಕ್ರಾಸ್, ಬಾಗಲಕೋಟೆ ಪಕ್ಕದಿಂದ ಕೊಲ್ಹಾರ, ವಿಜಯಪುರ, ಸೊಲ್ಲಾಪುರ. ವಿಜಯಪುರ ತನಕ 200ರ ಆಸುಪಾಸು, ಅಲ್ಲಿಂದ ಸೊಲ್ಲಾಪುರ ಇನ್ನೊಂದು ನೂರು. ಮೊದಲ ದಿನ ಅಷ್ಟೇ ಸಾಕು. ಕೊಲ್ಹಾರದಲ್ಲಿ ಕೃಷ್ಣಾ ಸೇತುವೆ ದಾಟಿ ನಿಲ್ಲಿ. ಆಲಮಟ್ಟಿ ಹಿನ್ನೀರು ಕಣ್ಣು ಹಾಯುವಷ್ಟು ದೂರ ನಿಂತಿರುತ್ತದೆ. ಕೊಲ್ಹಾರದ ಗಟ್ಟಿ ಮೊಸರು ಮಡಕೆಯಲ್ಲಿ ಮಾರುತ್ತಾರೆ, ಬುತ್ತಿ ರೊಟ್ಟಿ ಬಿಚ್ಚಲು ಅದಕ್ಕಿಂತ ಒಳ್ಳೆಯ ಜಾಗ ಆ ದಾರಿಯಲ್ಲಿ ಇಲ್ಲ. ಧೂಳಖೇಡದ ಹತ್ತಿರ ಭೀಮಾ ದಾಟಿದರೆ ಮಹಾರಾಷ್ಟ್ರ.

ರಾತ್ರಿ ಸೊಲ್ಲಾಪುರ. ಅಲ್ಲಿ ಸಿದ್ಧೇಶ್ವರ ಗುಡಿ ಇದೆ, ಕೆರೆಯ ನಡುವೆ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮರು ಜನರನ್ನು ಸೇರಿಸಿ ಕಟ್ಟಿಸಿದ ಕೆರೆ. ಲಿಂಗಪೂಜೆ ತಪ್ಪಿಸದ ಅವ್ವನಿಗೆ ಸಿದ್ಧರಾಮರ ಊರಲ್ಲಿ ಒಂದು ಬೆಳಗು ಕಳೆಯುವುದು ಎಷ್ಟು ಖುಷಿ ಕೊಡಬಹುದು ನೀವೇ ಯೋಚನೆ ಮಾಡಿ. ಗುಡಿ ಸುತ್ತ ಕನ್ನಡ ಮಾತಾಡುವವರು ಬೇಕಾದಷ್ಟು ಸಿಗುತ್ತಾರೆ. ನಿಮ್ಮ ಕಾಕಾನ ಮೂಲ ಊರೂ ಅದೇ ಕಡೆ ಅಂದ ಮೇಲೆ ಅಲ್ಲಿಯೂ ನೆಂಟರು ಇರಬೇಕು, ವಿಚಾರಿಸಿ.

ಎರಡನೇ ದಿನ ಟೆಂಭುರ್ಣಿ, ಕರಮಾಳಾ, ಅಹಿಲ್ಯಾನಗರ, ಶಿರಡಿ, ಸಿನ್ನರ, ನಾಶಿಕ್. ಸುಮಾರು 400 ಕಿ.ಮೀ. ಪುಣೆ ಗಲಾಟೆ ಪೂರ್ತಿ ತಪ್ಪುತ್ತದೆ. ಒಂದೇ ಎಚ್ಚರಿಕೆ. ಜನವರಿ ಅಂದರೆ ಕಬ್ಬು ನುರಿಸುವ ಕಾಲ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ಲೈಟ್ ಕೂಡ ಇಲ್ಲದೆ ರಸ್ತೆ ತುಂಬಾ ಹೋಗುತ್ತಿರುತ್ತವೆ, ಕತ್ತಲಾದ ಮೇಲೆ ತೀರಾ ಹತ್ತಿರ ಬರುವ ತನಕ ಕಾಣುವುದಿಲ್ಲ. ಕೊಲ್ಲಾಪುರ ದಾರಿಯಲ್ಲೂ ಇದೇ ಕಥೆ, ಆದರೆ ಅಲ್ಲಿ ಲೇನ್ ಜಾಸ್ತಿ ಇವೆ. ಈ ದಾರಿಯಲ್ಲಿ ಸೂರ್ಯ ಮುಳುಗಿದ ಮೇಲೆ ಓಡಿಸಲೇಬೇಡಿ. ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ, ಮಕ್ಕಳು ಹಿಂದೆ ಕೂತಿರುತ್ತಾರೆ.


ಟಿಕೋಟಾ ಮಗಳು, ಧಾರವಾಡ:

ಅವ್ವನ ವಿಷಯ ಓದಿ ಬರೆಯದೆ ಇರಲು ಆಗಲಿಲ್ಲ. ನನ್ನ ತವರು ಟಿಕೋಟಾ ಕಡೆ. ನಮ್ಮದು ಒಣದ್ರಾಕ್ಷಿ ಮನೆ, ವೈನ್ ದ್ರಾಕ್ಷಿ ಅಲ್ಲ. ಆದರೆ ಬಳ್ಳಿಯ ಕಷ್ಟ ಎಲ್ಲ ಕಡೆ ಒಂದೇ.

ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಮಾಡಬೇಕು. ಏಪ್ರಿಲ್‌ನಲ್ಲಿ ಒಮ್ಮೆ, ಹೊಸ ಕಡ್ಡಿ ಬೆಳೆಯಲಿ ಅಂತ. ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ, ಹಣ್ಣಿಗೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಹೂ ಬಿಡುವಾಗ ಮಳೆ ಬಂದರೆ ಗೊಂಚಲು ಉದುರುತ್ತದೆ, ಇಬ್ಬನಿ ಜಾಸ್ತಿ ಆದರೆ ದಾವಣಿ ರೋಗ ಬರುತ್ತದೆ, ಒಣ ಚಳಿ ಹಿಡಿದರೆ ಬೂದಿ ರೋಗ. ಮೋಡ ಕಟ್ಟಿದ ರಾತ್ರಿ ನಮ್ಮಪ್ಪ ಅಂಗಳದಲ್ಲೇ ಅಡ್ಡಾಡುತ್ತಿದ್ದರು. ಎಲ್ಲ ದಾಟಿ ಹಣ್ಣು ಕೈಗೆ ಬಂದ ಮೇಲೂ ಒಂದು ಅಕಾಲಿಕ ಮಳೆ ಬಿದ್ದರೆ ಹಣ್ಣು ಒಡೆದು ಹೋಗುತ್ತದೆ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಸುಮಾರು ಒಂದು ಕಿಲೋ ಮನುಕ. ಅದೂ ಔಷಧಿ ನೀರಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಜಾಳಿಗೆ ಮೇಲೆ ಹದಿನೈದು ದಿನ ಒಣಗಿಸಿ, ಗ್ರೇಡ್ ಮಾಡಿ, ಮಾರುಕಟ್ಟೆಗೆ ಒಯ್ದ ಮೇಲೆ ದರ ಏನು ಅಂತ ಗೊತ್ತಾಗುವುದು.

ಈಗ ನಿಮ್ಮ ಚಿಗವ್ವನ ಮನೆಯವರು ಅರ್ಧ ತೋಟ ವೈನ್ ಕಂಪನಿಗೆ ಯಾಕೆ ಕೊಟ್ಟಿದ್ದಾರೆ ಅಂತ ಅವ್ವನಿಗೆ ಹೀಗೆ ಹೇಳಿ ನೋಡಿ. ಕಂಪನಿ ಜೊತೆ ವರ್ಷಗಟ್ಟಲೆ ಕರಾರು ಇರುತ್ತದೆ. ದರ ಮೊದಲೇ ಗೊತ್ತಿರುತ್ತದೆ. ಇಳುವರಿ ಕಮ್ಮಿ ಇಡಬೇಕು, ಹಣ್ಣು ಸಣ್ಣದು, ಬೀಜ ಇರುತ್ತದೆ, ಸಿಪ್ಪೆ ದಪ್ಪ, ಬಜಾರಿನಲ್ಲಿ ಯಾರೂ ತಿನ್ನಲು ಕೊಳ್ಳುವುದಿಲ್ಲ, ಹಾಗಾಗಿ ಕಂಪನಿ ಬೇಡ ಅಂದರೆ ಅದಕ್ಕೆ ಬೇರೆ ದಾರಿ ಇಲ್ಲ ಅನ್ನೋದೂ ನಿಜ. ಆದರೂ ಮಗಳ ಮದುವೆಗೋ ಮಗನ ಫೀಸಿಗೋ ಇಷ್ಟು ದುಡ್ಡು ಇಂಥಾ ತಿಂಗಳು ಬರುತ್ತದೆ ಅಂತ ಲೆಕ್ಕ ಹಾಕಲು ಆಗುತ್ತದೆ. ತಿನ್ನುವ ದ್ರಾಕ್ಷಿಯ ದರ ಬಿದ್ದ ವರ್ಷ ಮನೆ ನಿಲ್ಲುವುದು ಅದರಿಂದಲೇ. ನಿಮ್ಮ ಚಿಗವ್ವ ಕುಡಿಯುವವಳಲ್ಲ, ಕುಡಿಸುವವಳೂ ಅಲ್ಲ. ಅವಳು ಬೇಸಾಯ ಮಾಡುವವಳು. ಅಕ್ಕ ತನ್ನ ಕೆಲಸವನ್ನು ಕೀಳಾಗಿ ನೋಡುತ್ತಾಳೇನೋ ಅನ್ನುವ ಅಳುಕು ಅವಳಿಗೂ ಇರಬಹುದು. ನನಗೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಅದಕ್ಕೆ ಅವ್ವನನ್ನು ವೈನರಿಗೆ ಒತ್ತಾಯ ಮಾಡಿ ಕರೆದೊಯ್ಯಬೇಡಿ. ತೋಟಕ್ಕೆ ಕರೆದೊಯ್ಯಿರಿ. ಚಿಗವ್ವನೇ ಕೈ ಹಿಡಿದು ಸಾಲುಗಳ ನಡುವೆ ಅಡ್ಡಾಡಿಸಲಿ, ಯಾವ ಬಳ್ಳಿ ಯಾವಾಗ ನೆಟ್ಟಿದ್ದು, ಎಲ್ಲಿ ನೀರು ಸಾಲಲಿಲ್ಲ, ಎಲ್ಲಾ ಹೇಳಲಿ. ಅದೇ ಹೊತ್ತಿಗೆ ನೀವಿಬ್ಬರೂ ತಮ್ಮನ ಜೊತೆ ವೈನರಿ ನೋಡಿ ಬನ್ನಿ. ಅಕ್ಕ ತಂಗಿಗೂ ಮಧ್ಯೆ ಯಾರೂ ಇಲ್ಲದೆ ನಾಲ್ಕು ಮಾತು ಆಡಲು ಸಮಯ ಸಿಗುತ್ತದೆ.

ಮಕ್ಕಳಿಗೆ ಒಂದು ಕಟ್ಟುನಿಟ್ಟಿನ ಮಾತು ಹೇಳಿಕೊಡಿ. ತೋಟದಲ್ಲಿ ಕೇಳದೆ ಹಣ್ಣು ಕಿತ್ತು ಬಾಯಿಗೆ ಹಾಕಬಾರದು. ಯಾವ ಸಾಲಿಗೆ ಯಾವಾಗ ಔಷಧಿ ಹೊಡೆದಿದ್ದಾರೆ ಅಂತ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ಅವರೇ ಕಿತ್ತು ತೊಳೆದು ಕೊಟ್ಟದ್ದನ್ನು ಎಷ್ಟು ಬೇಕಾದರೂ ತಿನ್ನಲಿ.

ಒಯ್ಯಲು ಹೇಳುತ್ತೇನೆ. ಕಟಕ ರೊಟ್ಟಿ ಒಂದು ಕಟ್ಟು ದೊಡ್ಡದಾಗಿಯೇ ಒಯ್ಯಿರಿ, ಕೊಯ್ಲಿನ ಮನೆಯಲ್ಲಿ ಒಲೆ ಮುಂದೆ ಕೂರಲು ಯಾರಿಗೂ ಪುರಸತ್ತು ಇರುವುದಿಲ್ಲ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ. ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಎರಡು ಕಿಲೋ ತೊಟ್ಟು ಸಮೇತ, ಬಣ್ಣ ನೋಡಿಯೇ ಅವರು ಖುಷಿ ಪಡುತ್ತಾರೆ. ಚಿಗವ್ವನಿಗೆ ಉಡಿ ತುಂಬಲು ಇಳಕಲ್ ಸೀರೆ, ಜೊತೆಗೆ ಗುಳೇದಗುಡ್ಡದ ಖಣ. ಮಹಾರಾಷ್ಟ್ರದಲ್ಲೂ ಉಡಿಗೆ ಖಣ ಇಡುತ್ತಾರೆ, ಅವಳ ಅತ್ತೆ ಮನೆಯವರಿಗೂ ಅದರ ಬೆಲೆ ಗೊತ್ತು. ಅವ್ವನ ಕೈಯಿಂದಲೇ ತುಂಬಿಸಿ.


ಲಕ್ಷ್ಮೇಶ್ವರದ ರೈತ:

ಎಲ್ಲರೂ ಹೋಗಿ ಅನ್ನುತ್ತಿದ್ದಾರೆ, ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸುಗ್ಗಿಯಲ್ಲಿ ನೆಂಟರು ಬರಬಾರದು. ನಮ್ಮಲ್ಲಿ ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಯಾರಾದರೂ ಬಂದರೆ ಮನೆಯ ಹೆಂಗಸರಿಗೆ ಎರಡು ಕೆಲಸ. ಹೊಲದ ಆಳುಗಳಿಗೂ ಬುತ್ತಿ ಕಟ್ಟಬೇಕು, ನೆಂಟರಿಗೂ ಬಿಸಿ ಅಡುಗೆ ಆಗಬೇಕು. ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಗಂಡಸರು ಕಟ್ಟೆ ಮೇಲೆ ಕೂತು ಮಾತಾಡುತ್ತಾರೆ, ಒಳಗೆ ಒಬ್ಬಳ ಸೊಂಟ ಮುರಿಯುತ್ತಿರುತ್ತದೆ. ದ್ರಾಕ್ಷಿ ಮನೆಯಲ್ಲಿ ಇನ್ನೂ ಜಾಸ್ತಿ ಇರಬೇಕು.

ಆಗಸ್ಟ್ ಸುಮಾರಿಗೆ ಹೋಗಿ. ಅಥವಾ ಇನ್ನೂ ಒಳ್ಳೆಯದು, ಚಿಗವ್ವನನ್ನೇ ಪಂಚಮಿಗೆ ಹುಬ್ಬಳ್ಳಿಗೆ ಕರೆಸಿ. ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಉಂಡಿ ತಿಂದು, ಜೋಕಾಲಿ ಆಡಿ, ಎಂಟು ದಿನ ಇದ್ದು ಹೋಗಲಿ. ಅಷ್ಟು ವರ್ಷ ದೂರದಲ್ಲಿ ದುಡಿದವಳು ಒಮ್ಮೆಯಾದರೂ ಕೂತು ಉಣ್ಣಬೇಕು.


ಗದಗಿನಿಂದ ನಾಶಿಕ್‌ಗೆ:

ಲಕ್ಷ್ಮೇಶ್ವರದವರ ಮಾತು ತಳ್ಳಿಹಾಕುವಂಥದ್ದಲ್ಲ. ಹೆಂಗಸರ ಕೆಲಸದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಮಳೆ, ಬಳ್ಳಿಯಲ್ಲಿ ಎಲೆ ಬಿಟ್ಟರೆ ಏನೂ ಇರುವುದಿಲ್ಲ, ಮಕ್ಕಳಿಗೆ ನೋಡಲು ಕಮ್ಮಿ. ತೋಟದವರಿಗೆ ಬಿಡುವು ಇರುವುದು ಮಾತ್ರ ಆಗಲೇ. ಅಕ್ಟೋಬರ್ ಚಾಟ್ನಿ ಶುರುವಾದರೆ ಮತ್ತೆ ಬಿಡುವಿಲ್ಲ. ಹಾಗಾಗಿ ಪಂಚಮಿಗೆ ಚಿಗವ್ವ ಬರುವುದು ಚೆನ್ನಾಗಿ ಹೊಂದುತ್ತದೆ. ಅಕ್ಕ ಖುದ್ದಾಗಿ ಬಂದು ಕರೆದರೆ ಅವಳು ಬರುತ್ತಾಳೆ, ಫೋನಲ್ಲಿ ಕರೆದರೆ "ನೋಡೋಣ" ಅನ್ನುತ್ತಾಳೆ. ಅದಕ್ಕಾದರೂ ಜನವರಿಯಲ್ಲಿ ಬನ್ನಿ.

ಬಂದಾಗ ರಾತ್ರಿ ಮಲಗಲು ದಿಂಡೋರಿ ರಸ್ತೆಯಲ್ಲೋ ನಾಶಿಕ್ ಊರಲ್ಲೋ ರೂಮ್ ಮಾಡಿ. ದಿಂಡೋರಿ ನಾಶಿಕ್‌ನಿಂದ 25 ಕಿ.ಮೀ. ಅಷ್ಟೇ. ಅವ್ವ ಮಾತ್ರ ತಂಗಿ ಮನೆಯಲ್ಲೇ ಮಲಗಲಿ, ಅವರಿಬ್ಬರು ಹೇಗೂ ರಾತ್ರಿ ಮಲಗುವುದಿಲ್ಲ. ನೀವು ನಾಲ್ಕು ಜನ ರೂಮಲ್ಲಿದ್ದರೆ ಸ್ನಾನ, ತಿಂಡಿ, ಹಾಸಿಗೆ ಅಂತ ಅವರಿಗೆ ಎಷ್ಟೋ ಕೆಲಸ ತಪ್ಪುತ್ತದೆ. ಒಂದು ಊಟ ಅವರ ಮನೆಯಲ್ಲಿ ಗಟ್ಟಿಯಾಗಿ ಮಾಡಿ, ಅದನ್ನು ತಪ್ಪಿಸಿದರೆ ಅವರಿಗೆ ನಿಜವಾಗಿ ನೋವಾಗುತ್ತದೆ.

ವೈನರಿ ವಿಷಯ. ಗಂಗಾಪುರ ಡ್ಯಾಮ್ ಹತ್ತಿರ ಸುಲಾ ಇದೆ, ಎಲ್ಲರೂ ಮೊದಲು ಹೋಗುವುದು ಅಲ್ಲಿಗೆ. ಅಮೆರಿಕದಲ್ಲಿ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ ಶುರು ಮಾಡಿದ್ದು, 2000ದಲ್ಲಿ ಅವರ ಮೊದಲ ವೈನ್ ಬಂತು. ಆಮೇಲೆ 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ನೀತಿ ತಂದಿತು, ಅಲ್ಲಿಂದ ಸುತ್ತಮುತ್ತ ವೈನರಿಗಳು ಎದ್ದವು. ಶನಿವಾರ ಭಾನುವಾರ ಅಲ್ಲಿ ಮುಂಬೈ ಜನ ತುಂಬಿರುತ್ತಾರೆ, ವಾರದ ನಡುವೆ ಬೆಳಿಗ್ಗೆ ಹೋಗಿ. ಟೂರಲ್ಲಿ ಹಣ್ಣು ಸುರಿಯುವ ಜಾಗ, ಹಿಂಡುವ ಯಂತ್ರ, ದೊಡ್ಡ ಸ್ಟೀಲ್ ಟ್ಯಾಂಕ್‌ಗಳು, ಮರದ ಪೀಪಾಯಿ ತೋರಿಸುತ್ತಾರೆ. ಬಿಳಿ ವೈನ್‌ಗೆ ಮೊದಲೇ ಹಿಂಡಿ ರಸ ಮಾತ್ರ ಹುದುಗಿಸುತ್ತಾರೆ. ಕೆಂಪಿಗೆ ಸಿಪ್ಪೆ ಸಮೇತ ಹುದುಗಿಸುತ್ತಾರೆ, ಬಣ್ಣ ಬರುವುದು ಸಿಪ್ಪೆಯಿಂದ. ಕುಡಿಯದವರಿಗೂ ಇದು ಚೆನ್ನಾಗಿರುತ್ತದೆ. ಕಾಕಾನ ಮಗ ಹಣ್ಣು ಕೊಡುವ ಕಂಪನಿಯಲ್ಲೇ ಪರಿಚಯದ ಮೇಲೆ ನೋಡಲು ಬಿಟ್ಟರೆ ಅದೇ ಇನ್ನೂ ಒಳ್ಳೆಯದು, ಕ್ರೇಟ್ ತೂಕ ಆಗಿ ಒಳಗೆ ಹೋಗುವ ತನಕ ನೋಡಬಹುದು. ಮಕ್ಕಳನ್ನು ಒಳಗೆ ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಕಾರು ಓಡಿಸುವವರು ರುಚಿ ನೋಡುವುದು ಬೇಡವೇ ಬೇಡ. ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ, ಟೇಸ್ಟಿಂಗಿನ ನಾಲ್ಕೈದು ಸಣ್ಣ ಗ್ಲಾಸ್‌ಗಳಲ್ಲಿ ಅದು ದಾಟಿ ಹೋಗಬಹುದು. ಬಾಟಲಿ ಕೊಂಡು ಡಿಕ್ಕಿ ತುಂಬಿಕೊಂಡು ಗಡಿ ದಾಟುವ ಯೋಚನೆಯೂ ಬೇಡ. ಎರಡು ರಾಜ್ಯಗಳ ಅಬಕಾರಿ ನಿಯಮ ಬೇರೆ ಬೇರೆ, ಅವ್ವ ಕೂತ ಕಾರನ್ನು ಚೆಕ್‌ಪೋಸ್ಟಲ್ಲಿ ನಿಲ್ಲಿಸಿ ಕೇಳುವ ಪರಿಸ್ಥಿತಿ ತಂದುಕೊಳ್ಳಬೇಡಿ. ವೈನ್ ಬೇಕೆಂದರೆ ನಮ್ಮಲ್ಲೇ ನಂದಿ ಬೆಟ್ಟದ ಕೆಳಗೆ 1988ರಿಂದ ಗ್ರೋವರ್ ಇದೆ, ಅದು ಹುಬ್ಬಳ್ಳಿಯಲ್ಲೇ ಸಿಗುತ್ತದೆ.

ಅವ್ವನಿಗೆ ಒಂದು ದಿನ ವಣಿಯ ಸಪ್ತಶೃಂಗಿ ಇಟ್ಟುಕೊಳ್ಳಿ. ದಿಂಡೋರಿ ದಾಟಿ ಅದೇ ರಸ್ತೆ. ಮೊದಲು ಐನೂರು ಮೆಟ್ಟಿಲು ಹತ್ತಬೇಕಿತ್ತು, 2018ರಿಂದ ಹಳಿ ಮೇಲೆ ಓಡುವ ಟ್ರಾಲಿ ಆಗಿದೆ. ಚಿಗವ್ವನೂ ಜೊತೆಗೆ ಬಂದರೆ ಅವಳಿಗೂ ಒಂದು ದಿನ ಅಡುಗೆಮನೆಯಿಂದ ರಜೆ. ತ್ರ್ಯಂಬಕೇಶ್ವರ ಇನ್ನೊಂದು ದಿಕ್ಕು, ನಾಶಿಕ್‌ನಿಂದ 30 ಕಿ.ಮೀ. ಒಳಗೆ, ಸೋಮವಾರ ಬಿಟ್ಟು ಬೇರೆ ದಿನ ಹೋಗಿ, ಸರತಿ ಉದ್ದ ಇರುತ್ತದೆ.


ನವನಗರ ಹುಬ್ಬಳ್ಳಿ:

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ.

ಕಾಕಾನ ಮಗನಿಗೆ ಫೋನ್ ಮಾಡಿ ಇಲ್ಲಿ ಹೇಳಿದ ಹಾಗೆಯೇ ಕೇಳಿದೆ. ಅವರ ವೈನ್ ದ್ರಾಕ್ಷಿ ಪೂರ್ತಿ ಶಿರಾಜ್ ಅಂತೆ, ಕೊಯ್ಲು ಫೆಬ್ರವರಿ ನಡುವೆ ಬರಬಹುದು. ತಿನ್ನುವ ದ್ರಾಕ್ಷಿ ಅದಕ್ಕೂ ಆಮೇಲೆ. ಅಂದರೆ ಜನವರಿ ಕೊನೆಗೆ ಗೊಂಚಲು ಬಣ್ಣ ತಿರುಗಿರುತ್ತದೆ, ಕೆಲಸ ಇರುತ್ತದೆ ಆದರೆ ಉಸಿರು ಕಟ್ಟುವಷ್ಟು ಇರುವುದಿಲ್ಲ ಅಂದ. ಕೊಯ್ಲು ನೋಡಲು ಸಿಗುವುದಿಲ್ಲ ಅಂತ ಮಕ್ಕಳಿಗೆ ಸ್ವಲ್ಪ ನಿರಾಸೆ. ಆದರೆ ಬೇರೆ ಜಾತಿಯ ಕೊಯ್ಲು ಅಕ್ಕಪಕ್ಕದ ತೋಟಗಳಲ್ಲಿ ನಡೆದಿರುತ್ತದೆ, ಒಂದು ನಸುಕು ಕರೆದೊಯ್ಯುತ್ತೇನೆ ಅಂತ ಅವನೇ ಹೇಳಿದ.

ಸೊಲ್ಲಾಪುರ ದಾರಿಯೇ ಗಟ್ಟಿ ಮಾಡಿದೆವು. ಸಿದ್ಧರಾಮರ ಗುಡಿ ಅಂದ ಕೂಡಲೇ ಅವ್ವ ಎದ್ದು ಚೀಲ ತೆಗೆದಳು. ಟಿಕೋಟಾ ಅಕ್ಕ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ಅಕಿ ತ್ವಾಟ ನೋಡಬೇಕು ನಾ, ಬಳ್ಳಿ ಹೆಂಗ ಕಟ್ಟ್ಯಾರ ನೋಡೂಣು" ಅಂದಳು. ವೈನರಿ ಮಾತು ಮತ್ತೆ ಎತ್ತಲಿಲ್ಲ, ನಾನೂ ಎತ್ತುವುದಿಲ್ಲ. ಪಂಚಮಿಗೆ ಕರೆಯುವ ಮಾತು ಅವಳಿಗೆ ಬಹಳ ಹಿಡಿಸಿದೆ, ಈಗಲೇ ಯಾವ ರೂಮಲ್ಲಿ ಯಾರು ಮಲಗಬೇಕು ಅಂತ ಲೆಕ್ಕ ಹಾಕುತ್ತಿದ್ದಾಳೆ. ರೂಮ್ ನಾಶಿಕ್‌ನಲ್ಲಿ ಬುಕ್ ಮಾಡುತ್ತೇನೆ. ಚಿಗವ್ವನಿಗೆ ಇದನ್ನು ಹೇಗೆ ಹೇಳೋದು ಅನ್ನೋದೊಂದೇ ಉಳಿದಿದೆ.


ಟಿಕೋಟಾ ಮಗಳು, ಧಾರವಾಡ:

ನೀವು ಹೇಳಬೇಡಿ, ಅವ್ವ ಹೇಳಲಿ. "ಹುಡುಗರು ಅಲ್ಲಿರಲಿ, ನಾವಿಬ್ಬರೂ ಆರಾಮ ಮಾತಾಡೂಣು" ಅಂತ ಅಕ್ಕನೇ ಅಂದರೆ ಚಿಗವ್ವ ಒಪ್ಪುತ್ತಾಳೆ. ಮತ್ತೆ ರೊಟ್ಟಿ ಕಟ್ಟನ್ನು ಡಿಕ್ಕಿಯಲ್ಲಿ ಅಡಿಗೆ ಇಡಬೇಡಿ, ನರಗುಂದ ದಾಟುವುದರೊಳಗೆ ಪುಡಿಯಾಗಿರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲೆ ಸೀರೆ ಇಡಿ.


ಹಾವೇರಿ ಹೈವೇ:

ಕೊಲ್ಹಾರಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುವ ಹಾಗೆ ಹೊರಡಿ, ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಸರಿ. ವಿಜಯಪುರದಲ್ಲಿ ಗೋಲಗುಮ್ಮಟ ಮಕ್ಕಳಿಗೆ ತೋರಿಸಬೇಕು ಅಂತಿದ್ದರೆ ಏಳಕ್ಕೇ ಹೊರಡಿ. ಕತ್ತಲಾಗುವ ಮೊದಲು ಸೊಲ್ಲಾಪುರ ಸೇರಲೇಬೇಕು.